ಬುತ್ತಿಯ ಮೇಲಿನ ಇದ್ದಲು

ನಮ್ಮ ದೊಡ್ಡಪ್ಪ ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ. ಕೆಮ್ಮಿನ ಔಷಧಿಯನ್ನು ಕೂಡ ಮೂಸಿ ನೋಡಿ, ‘ಇದ್ರಾಗೆ ಏನೋ ಐತೆ ಕಣೆ’ ಅಂತ ದೊಡ್ಡವ್ವನ ಕೈಗೆ ವಾಪಸು ಕೊಡುವ ಮನುಷ್ಯ. ಅಂಥವನನ್ನು ಗಿರಣಿಯ ಗೇಟಿನಲ್ಲಿ, ಪಾಳಿ ಬದಲಾಗುವ ಹೊತ್ತಿಗೆ, ಬರುವವರು ಹೋಗುವವರೆಲ್ಲರ ಎದುರಿಗೆ ನಿಲ್ಲಿಸಿ ‘ಎಲ್ಲಿ, ಬಾಯಿ ಊದು’ ಅಂದರು. ಅಂದವರು ಗಿರಣಿಯ ಸಾಹುಕಾರರು. ಮೂಸುವುದಕ್ಕೆ ಕಾವಲುಗಾರನನ್ನು ಕರೆದರು. ದೊಡ್ಡಪ್ಪ ಊದಿದ. ಕಾವಲುಗಾರ ಮೂಸಿ, ‘ಏನೂ ವಾಸನೆ ಇಲ್ರಿ, ಈರುಳ್ಳಿ ತಿಂದವ್ನೆ ಅಷ್ಟೆ’ ಅಂದ. ‘ಹಂಗಾದ್ರೆ ಗಾಂಜಾ ಇರ್ಬೇಕು. ನೆಟ್ಟಗೆ ನಿಂತ್ಕಳಾಕೆ ಬರದೇ ಇರೋನು ನಾಳೆಯಿಂದ ಬರಾದ್ ಬ್ಯಾಡ’ ಅಂದರಂತೆ ಸಾಹುಕಾರರು.

ಇದನ್ನು ನನಗೆ ಹೇಳಿದವಳು ದೊಡ್ಡವ್ವ. ಒಂದು ತೊಟ್ಟು ಕಣ್ಣೀರಿಲ್ಲದೆ, ರೊಟ್ಟಿ ತಟ್ಟುತ್ತಾ ಹೇಳಿದಳು. ಒಂದೊಂದು ಮಾತಿಗೆ ಒಂದೊಂದು ಏಟು ರೊಟ್ಟಿಗೆ ಬೀಳುತ್ತಿತ್ತು. ಆವತ್ತಿನ ರೊಟ್ಟಿಯಷ್ಟು ತೆಳ್ಳನೆಯ ರೊಟ್ಟಿಯನ್ನು ನಾನು ಆಮೇಲೆ ತಿಂದಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಹೆತ್ತವರು ಕುರಿಮಂದೆಯ ಹಿಂದೆ ಹಿರಿಯೂರು, ಹೊಸದುರ್ಗದ ಬಯಲುಗಳಲ್ಲಿ ತಿರುಗುತ್ತಿದ್ದರಿಂದ ನಾನು ಬೆಳೆದದ್ದು ಮದಕರಿಪುರದಲ್ಲಿ, ದೊಡ್ಡಪ್ಪ ದೊಡ್ಡವ್ವನ ಹತ್ತಿರ. ಮಾತು ಕಲಿತದ್ದೂ ಅವರ ಬಾಯಿಂದಲೇ. ಬೈಯುವುದನ್ನು ದೊಡ್ಡವ್ವ ಕಲಿಸಿದಳು. ಬೈಯದೆ ಸುಮ್ಮನಿರುವುದನ್ನು ದೊಡ್ಡಪ್ಪ ಕಲಿಸಲು ನೋಡಿದ, ಅದು ನನಗೆ ಹತ್ತಲಿಲ್ಲ.

ಗಿರಣಿ ಇದ್ದದ್ದು ಹೊಳಲ್ಕೆರೆ ರಸ್ತೆಯಲ್ಲಿ. ಶೇಂಗಾ ಹಿಂಡಿಯಲ್ಲಿ ಗಾಣಕ್ಕೆ ಸಿಗದೆ ಉಳಿದ ಎಣ್ಣೆಯನ್ನು ಒಂದು ದ್ರಾವಣ ಹಾಕಿ ತೊಳೆದು ತೆಗೆಯುವ ಗಿರಣಿ. ಆ ದ್ರಾವಣ ನೀರಿನಂತೆ ತಿಳಿ, ಪೆಟ್ರೋಲಿನ ತಮ್ಮನಂಥ ವಾಸನೆ. ಹೆಕ್ಸೇನ್ ಅಂತ ಅದರ ಹೆಸರು. ಎಣ್ಣೆ ತೆಗೆದ ಮೇಲೆ ಉಳಿದ ಒದ್ದೆ ಹಿಂಡಿಯನ್ನು ಕಬ್ಬಿಣದ ಬಾಗಿಲಿನಿಂದ ಸಲಿಕೆಯಲ್ಲಿ ಎಳೆದು ಹಾಕುವ ಕೆಲಸ ದೊಡ್ಡಪ್ಪನದು. ಮೂರು ವರ್ಷ ಮಾಡಿದ. ಮೊದಲು ಅವನ ಚಪ್ಪಲಿ ದಾರಿಯಲ್ಲೇ ಕಳಚಿ ಬೀಳತೊಡಗಿತು. ಬಿದ್ದದ್ದು ಅವನಿಗೆ ತಿಳಿಯುತ್ತಿರಲಿಲ್ಲ, ಹತ್ತು ಮಾರು ಹೋದ ಮೇಲೆ ಯಾರಾದರೂ ಕೂಗಿ ಹೇಳಬೇಕು. ಆಮೇಲೆ ಅಂಗಿಯ ಗುಂಡಿ ಹಾಕಲು ಬಾರದಾಯಿತು. ಆಮೇಲೆ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ. ಒಂದು ದಿನ ಹಿಂಡಿಯ ರಾಶಿಯ ಮೇಲೆ ಸಲಿಕೆ ಸಮೇತ ಮುಗ್ಗರಿಸಿದ. ಅದೇ ದಿನ ಗೇಟಿನಲ್ಲಿ ಬಾಯಿ ಊದಿಸಿದ್ದು.

ದೊಡ್ಡಪ್ಪನ ಜೊತೆ ಕೆಲಸ ಮಾಡುತ್ತಿದ್ದ ಇನ್ನಿಬ್ಬರಿಗೂ ಕಾಲು ಜೋಮು ಹಿಡಿಯುತ್ತಿತ್ತು. ಕುಡುಕ ಅನ್ನಿಸಿಕೊಳ್ಳುವ ಹೆದರಿಕೆಗೆ ಅವರು ಗೋಡೆ ಹಿಡಿದು ನಡೆಯುತ್ತಿದ್ದರು.

ನಾನು ಬೆಂಗಳೂರಿನ ಬಸ್ಸು ಹತ್ತಿದಾಗ ಮನಸ್ಸಿನಲ್ಲಿ ಇದ್ದದ್ದು ಒಂದೇ. ದೊಡ್ಡಪ್ಪನ ಉಸಿರನ್ನು ಊರೆಲ್ಲರ ಎದುರು ಮೂಸಿಸಿದರಲ್ಲ, ಅವರ ಗಿರಣಿಯ ಉಸಿರನ್ನು ನಾನು ಮೂಸಿಸುತ್ತೇನೆ. ಕುಡುಕ ಅಂದ ಬಾಯಲ್ಲೇ, ಅದೇ ಜನರ ಎದುರು, ‘ನಾನಂದದ್ದು ಸುಳ್ಳು’ ಅನ್ನಿಸುತ್ತೇನೆ. ಸಾಧನ ನನ್ನ ಕೈಯಲ್ಲಿತ್ತು. ನನ್ನ ಕೆಲಸವೇ ಗಾಳಿಯನ್ನು ಹಿಡಿದು ತರುವುದು.

ಗಾಳಿಯನ್ನು ಹಿಡಿಯುವುದು ಅಂದರೆ ಬಲೂನಿಗೆ ತುಂಬುವುದಲ್ಲ. ಪೆನ್ಸಿಲಿನಷ್ಟು ದಪ್ಪದ ಗಾಜಿನ ಕೊಳವೆ, ಅದರೊಳಗೆ ರವೆಯಂತೆ ಒಡೆದ ಇದ್ದಲು. ಕೊಳವೆಯ ಮೂಲಕ ಗಾಳಿಯನ್ನು ಎಳೆದರೆ ಗಾಳಿ ಹೊರಟುಹೋಗುತ್ತದೆ, ಅದರಲ್ಲಿದ್ದ ಪೆಟ್ರೋಲು, ಹೆಕ್ಸೇನ್, ಬಣ್ಣದ ಆವಿ ಇದ್ದಲಿಗೆ ಅಂಟಿಕೊಂಡು ಉಳಿಯುತ್ತದೆ. ಆ ಇದ್ದಲನ್ನು ತಂದು ಕೊಳೆತ ಮೂಲಂಗಿಯಂತೆ ನಾರುವ ಒಂದು ದ್ರವದಲ್ಲಿ ತೊಳೆದು, ಅದರ ಒಂದು ಹನಿಯನ್ನು ಗ್ಯಾಸ್ ಕ್ರೊಮಟೊಗ್ರಾಫ್ ಯಂತ್ರಕ್ಕೆ ಚುಚ್ಚಬೇಕು. ಯಂತ್ರದ ಹೊಟ್ಟೆಯಲ್ಲಿ ಸುರುಳಿ ಸುತ್ತಿದ ಉದ್ದನೆಯ ನಳಿಕೆ ಇದೆ. ಒಂದೊಂದು ಆವಿ ಅದನ್ನು ದಾಟಿ ಬರಲು ಒಂದೊಂದು ಹೊತ್ತು ತೆಗೆದುಕೊಳ್ಳುತ್ತದೆ. ಒಂದೊಂದು ಬಂದಾಗಲೂ ಕಾಗದದ ಮೇಲೆ ಪೆನ್ನು ಎದ್ದು ಇಳಿದು ಗುಡ್ಡ ಬರೆಯುತ್ತದೆ. ಯಾವ ಗುಡ್ಡ ಎಲ್ಲಿದೆ ಎಂದು ನೋಡಿದರೆ ಗಾಳಿಯಲ್ಲಿ ಏನಿತ್ತೆಂದು ಗೊತ್ತಾಗುತ್ತದೆ. ಎಷ್ಟು ಎತ್ತರ ಎಂದು ನೋಡಿದರೆ ಎಷ್ಟಿತ್ತೆಂದು ಗೊತ್ತಾಗುತ್ತದೆ.

ಪ್ರಯೋಗಾಲಯದ ಮುಖ್ಯಸ್ಥೆಯನ್ನು ನಾವು ಮೇಡಂ ಎನ್ನುತ್ತಿದ್ದೆವು. ನಗದೆ ನಗಿಸುವ ಹೆಂಗಸು. ನಾನು ಸೇರಿದ ವಾರ ಆಕೆ ವಿದೇಶದ ಕೊಳವೆಯೊಂದನ್ನು ತೋರಿಸಿ, ‘ಇದರ ಒಳಗಿರೋದು ತೆಂಗಿನ ಚಿಪ್ಪಿನ ಇದ್ದಿಲು. ಅದಕ್ಕಿಂತ ಒಳ್ಳೇದು ಇನ್ನೂ ಸಿಕ್ಕಿಲ್ಲ’ ಅಂದಾಗ ನನಗೆ ನಗು ತಡೆಯಲಾಗಲಿಲ್ಲ. ಹಿರಿಯೂರಿನಲ್ಲಿ ಕೊಬ್ಬರಿ ತೆಗೆದ ಚಿಪ್ಪಿನ ರಾಶಿಗಳು ನಮ್ಮ ಮನೆಗಿಂತ ಎತ್ತರ ಇರುತ್ತಿದ್ದವು.

ಮೇಡಂ ಅದೇ ವರ್ಷ ಕೆಲವು ಗಿರಣಿಗಳಿಗೆ, ನಿಮ್ಮಲ್ಲಿಯ ಗಾಳಿಯನ್ನು ಅಳೆಯಲು ಅನುಮತಿ ಕೊಡಿ ಅಂತ ಬರೆಯುತ್ತಿದ್ದರು. ಪಟ್ಟಿಗೆ ನಮ್ಮ ಗಿರಣಿಯನ್ನು ಸೇರಿಸಿದವಳು ನಾನು. ಸಾಹುಕಾರರು ಒಪ್ಪಿದರು. ಬೆಂಗಳೂರಿನಿಂದ ಒಂದು ಒಳ್ಳೆಯ ಕಾಗದ ಬಂದರೆ ಚೌಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕುವ ಆಸೆ ಅವರಿಗೆ. ನಾನು ಯಾರ ಮನೆಯ ಹುಡುಗಿ ಅಂತ ಅವರಿಗೆ ಗೊತ್ತಿರಲಿಲ್ಲ. ‘ಬರ್ರಿ ಬರ್ರಿ, ಕುಂತ್ಕಳ್ರಿ, ಎಳನೀರು ತರುಸ್ತೀನಿ’ ಅಂದರು. ನಾನು ಕುಡಿಯಲಿಲ್ಲ.

ಆವಿ ತುಂಬಿದ ಜಾಗದಲ್ಲಿ ಮೋಟಾರಿನ ಪಂಪು ಬಳಸುವಂತಿಲ್ಲ, ಒಂದು ಕಿಡಿ ಸಾಕು. ಅದಕ್ಕೆ ನಾವು ಸೈಕಲ್ ಪಂಪಿನ ಒಳಗಿನ ಚರ್ಮದ ಬಿಲ್ಲೆಯನ್ನು ತಿರುಗಿಸಿ ಹಾಕಿಕೊಂಡಿದ್ದೆವು. ಆಗ ಅದು ಊದುವ ಬದಲು ಎಳೆಯುತ್ತದೆ. ಕೊಳವೆಯನ್ನು ಕೆಲಸಗಾರನ ಮೂಗಿನ ಮಟ್ಟಕ್ಕೆ ಹಿಡಿದು ಇಪ್ಪತ್ತು ಸಲ ಎಳೆಯಬೇಕು, ಅವಸರವಿಲ್ಲದೆ. ಅಷ್ಟೇ ಕೆಲಸ. ಅದನ್ನು ನಾನು ಬೇರೆ ಕಡೆ ಎಷ್ಟೋ ಸಲ ಮಾಡಿದ್ದೆ.

ಆದರೆ ಅಲ್ಲಿ, ದೊಡ್ಡಪ್ಪ ನಿಲ್ಲುತ್ತಿದ್ದ ಕಬ್ಬಿಣದ ಬಾಗಿಲಿನ ಎದುರು ನಿಂತಾಗ, ಮೂಗಿನ ಮಟ್ಟ ಮರೆತುಹೋಯಿತು. ಕೊಳವೆಯ ಬಾಯನ್ನು ಬಾಗಿಲಿನ ಸಂದಿಗೇ ಇಟ್ಟೆ. ಇಪ್ಪತ್ತಕ್ಕೆ ನಿಲ್ಲಿಸಲಿಲ್ಲ. ಐವತ್ತಾಯಿತು, ನೂರಾಯಿತು, ಕೈ ಸೋತು ಇನ್ನೊಂದು ಕೈಗೆ ಬದಲಾಯಿಸಿ ಇನ್ನೂರು ಎಳೆದೆ. ಗುಡ್ಡ ಕಾಗದವನ್ನು ದಾಟಿ ಮೇಜಿನ ಮೇಲೆ ಹೋಗಲಿ, ಎಲ್ಲರೂ ನೋಡಲಿ ಅಂತ ಹಲ್ಲು ಕಚ್ಚಿ ಎಳೆದೆ.

ಮೇಡಂ ಆ ಕೊಳವೆಯ ಫಲಿತಾಂಶವನ್ನು ಎರಡು ಸಲ ನೋಡಿದರು. ಕೊಳವೆಯೊಳಗೆ ಇದ್ದಲು ಎರಡು ಕೋಣೆಗಳಲ್ಲಿ ಇರುತ್ತದೆ, ಮುಂದೆ ದೊಡ್ಡದು, ಹಿಂದೆ ಚಿಕ್ಕದು. ಹಿಂದಿನದು ಖಾಲಿ ಉಳಿಯಬೇಕು. ಮುಂದಿನದು ತುಂಬಿ ಹಿಂದಿನದೂ ತುಂಬಿದ್ದರೆ, ಎಷ್ಟು ಬಂತು, ಎಷ್ಟು ಹಿಡಿಸದೆ ಹೊರಗೆ ಹೋಯಿತು, ಹೇಳುವುದಕ್ಕೆ ಆಗುವುದಿಲ್ಲ. ನನ್ನ ಕೊಳವೆಯಲ್ಲಿ ಎರಡೂ ತುಂಬಿ ತುಳುಕುತ್ತಿದ್ದವು.

‘ಎಷ್ಟು ಸಲ ಎಳೆದೆ?’ ಅಂದರು.

‘ಇನ್ನೂರು.’

‘ಎಲ್ಲಿ ಹಿಡಿದಿದ್ದೆ?’

ಹೇಳಿದೆ.

‘ಇದರಲ್ಲಿ ಗಾಳಿ ಇಲ್ಲ ಕಣಮ್ಮ. ನಿನ್ನ ಕೋಪ ಇದೆ. ಅದನ್ನ ಅಳೆಯೋ ಯಂತ್ರ ನನ್ನ ಹತ್ತಿರ ಇಲ್ಲ’ ಅಂದು, ಮಾದರಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಗಿರಣಿಗೆ ಎರಡು ಸಾಲು ಬರೆದರು. ಬರೆಯದೆ ಇರುವ ಹಾಗಿರಲಿಲ್ಲ.

ಆ ಎರಡು ಸಾಲನ್ನು ಸಾಹುಕಾರರು ಹೇಗೆ ಓದಿದರೆಂದರೆ, ಮರುದಿನವೇ ಗೇಟಿನಲ್ಲಿ ನಿಂತು, ‘ಬೆಂಗಳೂರಿನವ್ರೇ ಬಂದು ನೋಡಿದ್ರು. ಲೆಕ್ಕಕ್ಕೆ ಬರಾವಂಥದ್ದು ಏನೂ ಇಲ್ಲ ಅಂತ ಬರೆದವ್ರೆ. ಕುಡಿಯಾರ ಕಾಲು ನಡುಗಿದ್ರೆ ಅದಕ್ಕೆ ಗಿರಣಿ ಏನ್ ಮಾಡಾಕಾಗ್ತೈತೆ?’ ಅಂದರಂತೆ. ಅಷ್ಟರಲ್ಲಿ ಕಾವಲುಗಾರ ನನ್ನ ಗುರುತು ಹಿಡಿದು ಹೇಳಿದ್ದ. ಇನ್ನು ಮೇಲೆ ಹೊರಗಿನವರು ಯಾರೂ ಒಳಗೆ ಬರಬಾರದು, ಗಾಜಿನ ಸಾಮಾನು ಒಂದೂ ಒಳಗೆ ಹೋಗಬಾರದು ಅಂತ ಆಜ್ಞೆಯಾಯಿತು.

ದೊಡ್ಡಪ್ಪನ ಮೇಲೆ ಬಿದ್ದ ಕುಡುಕನೆಂಬ ಮಾತನ್ನು ಅಳಿಸಲು ಹೋದವಳು ಅದಕ್ಕೆ ಬೆಂಗಳೂರಿನ ಮೊಹರು ಹಾಕಿಸಿಕೊಟ್ಟು ಬಂದಂತಾಯಿತು. ಮದಕರಿಪುರಕ್ಕೆ ಹೋಗಿ ತಲೆ ತಗ್ಗಿಸಿ ಕುಳಿತೆ. ದೊಡ್ಡಪ್ಪ, ‘ಹೋಗ್ಲಿ ಬಿಡವ್ವ, ನಾನು ಕುಡಿಯಲ್ಲ ಅಂತ ನಂಗೆ ಗೊತ್ತೈತೆ’ ಅಂದ. ದೊಡ್ಡವ್ವ ಒಳಗಿನಿಂದಲೇ, ‘ನಿಂಗೆ ಗೊತ್ತಿದ್ರೆ ಏನ್ ಬಂತು? ಊರಿಗ್ ಗೊತ್ತಾಗ್ಬೇಕು. ನಿನ್ ಒಳ್ಳೇತನ ಎತ್ಕೊಂಡೋಗಿ ಅಟ್ಟದ್ ಮ್ಯಾಲೆ ಇಡು’ ಅಂದಳು.

ಅವತ್ತು ಅವಳು ಹೊಲದ ಆಳುಗಳಿಗೆ ಬಾಡಿನೂಟ ಕಟ್ಟುತ್ತಿದ್ದಳು. ಮುದ್ದೆ ಇಟ್ಟಳು, ಸಾರಿನ ಚೊಂಬು ಇಟ್ಟಳು, ಬಟ್ಟೆಯ ನಾಲ್ಕು ಮೂಲೆ ಕೂಡಿಸಿದಳು. ಗಂಟು ಬಿಗಿಯುವ ಮುಂಚೆ ಒಲೆಯ ಪಕ್ಕಕ್ಕೆ ಕೈ ಹಾಕಿ ಒಂದು ಇದ್ದಲಿನ ತುಂಡನ್ನು ಮೇಲೆ ಇಟ್ಟಳು. ನಮ್ಮ ಕಡೆ ಬಾಡನ್ನು ಮಟಮಟ ಮಧ್ಯಾಹ್ನ ಹೊರಗೆ ಒಯ್ಯಬೇಕಾದರೆ ಮೇಲೊಂದು ಇದ್ದಲು ಇಡಲೇಬೇಕು. ದಾರಿಯಲ್ಲಿ ಏನಾದರೂ ಸೋಕಲು ಬಂದರೆ ಅದು ಊಟವನ್ನು ಬಿಟ್ಟು ಇದ್ದಲನ್ನು ಹಿಡಿಯುತ್ತದೆ. ಉಣ್ಣುವ ಮುಂಚೆ ಇದ್ದಲನ್ನು ದೂರ ಎಸೆದರೆ ಮುಗಿಯಿತು. ಹುಟ್ಟಿದಾಗಿನಿಂದ ನೋಡಿದ್ದೆ. ಆವತ್ತು ಮಾತ್ರ ಮೊದಲ ಸಲ ನೋಡಿದಂತೆ ನೋಡಿದೆ.

‘ದೊಡ್ಡವ್ವ, ಗಿರಣಿಗೆ ಊಟ ಕಳಿಸಾರೂ ಹಿಂಗೇ ಇದ್ಲು ಇಡ್ತಾರಾ?’

‘ಇಡ್ದೆ ಏನು? ಬಾಡಾದ್ರೆ ಇಡ್ತಾರೆ. ಆ ಸಾವ್ಕಾರನ ತಾಯಿ ಇದ್ದಾಳಲ್ಲ, ಅವ್ಳು ಬರೀ ಪಲ್ಯ ಕಳಿಸಿದ್ರೂ ಇಡ್ತಾಳೆ. ಮಗಂಗೆ ದೃಷ್ಟಿ ಆಗ್ತೈತಂತೆ, ಆ ಮಕಕ್ಕೆ.’

‘ಕಾವಲುಗಾರ ಏನೂ ಅನ್ನಲ್ವಾ?’

‘ಇದ್ಲಿಗೆ ಯಾರು ಏನಂತಾರೆ?’

ನಾನು ದೊಡ್ಡವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಅವಳಿಗೆ ಹೆಕ್ಸೇನ್ ಗೊತ್ತಿಲ್ಲ, ಯಂತ್ರ ಗೊತ್ತಿಲ್ಲ. ನನ್ನ ಮುಖ ಗೊತ್ತಿತ್ತು. ಗಂಟು ಬಿಚ್ಚಿ ಆ ಇದ್ದಲನ್ನು ಕೈಯಲ್ಲಿ ಹಿಡಿದು, ‘ಇದು ಹಿಡೀತೈತೇನು?’ ಅಂದಳು.

‘ಹಿಡೀತೈತೆ.’

ಮೇಡಂಗೆ ಹೇಳಿದಾಗ ಆಕೆ ಬಹಳ ಹೊತ್ತು ಕನ್ನಡಕ ಒರೆಸಿದರು. ‘ಇದು ಲೆಕ್ಕ ಕೊಡಲ್ಲ, ಸಾಕ್ಷಿ ಕೊಡುತ್ತೆ. ಎಷ್ಟು ಗಾಳಿ ತಾಗಿತು ಅಂತ ಗೊತ್ತಿಲ್ಲವಲ್ಲ. ಆದರೆ ಆ ಆವಿ ಅಲ್ಲಿ ಇದೆ ಅಂತ ತೋರಿಸಿದರೆ ಫ್ಯಾಕ್ಟರಿ ಇನ್ಸ್‌ಪೆಕ್ಟರು ಪಂಪು ಹಿಡಿದು ತಾವೇ ಹೋಗಲೇಬೇಕು. ಅವರನ್ನ ತಡೆಯೋಕೆ ಯಾವ ಸಾಹುಕಾರನಿಗೂ ಆಗಲ್ಲ’ ಅಂದರು. ಬೀರುವಿನಿಂದ ಗಾಜಿನ ಬಿರಡೆಯ ಐದು ಸೀಸೆ ಕೊಟ್ಟರು. ‘ನಾಲ್ಕು ನಿನಗೆ. ಐದನೆಯದು ಗಿರಣಿಯ ಹತ್ತಿರಕ್ಕೂ ಹೋಗದ ಇದ್ದಿಲಿಗೆ. ನಿನ್ನ ಕೋಪವನ್ನ ಈ ಸಲ ಮನೆಯಲ್ಲಿ ಬಿಟ್ಟು ಹೋಗು.’

ಒಲೆಯ ಇದ್ದಲು ಸಾಲದು. ಹಿರಿಯೂರಿನಿಂದ ಚಿಪ್ಪಿನ ಇದ್ದಲು ತಂದೆ. ಅದನ್ನು ಕೆಂಪಗೆ ಕಾಯಿಸಿ ಮೇಲೆ ನೀರಿನ ಹಬೆ ಹಾಯಿಸಿದರೆ ಒಳಗೆಲ್ಲ ಕಣ್ಣಿಗೆ ಕಾಣದ ಗೂಡುಗಳಾಗುತ್ತವೆ, ಆವಿ ಕೂರುವುದು ಅಲ್ಲಿ. ಚಿತ್ರದುರ್ಗದ ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಮುದುಕ ಚಾಚಾ ಒಬ್ಬರಿದ್ದರು. ದೊಡ್ಡವ್ವನ ತಾಮ್ರದ ಹಂಡೆಗೆಲ್ಲ ಅವರದೇ ಕೈ. ಅವರ ತಿದಿಯ ಮುಂದೆ ಕಬ್ಬಿಣದ ಕೊಳವೆಯಲ್ಲಿ ಇದ್ದಲು ತುಂಬಿಟ್ಟು ಅರ್ಧ ದಿನ ಕಾಯಿಸಿದೆವು.

‘ಇದ್ಲಿಗೆ ಕಲಾಯಿ ಹಾಕ್ಸಾಕ್ ಬಂದೋರ್ನ ಇವತ್ತೇ ನೋಡ್ತಾ ಇರೋದು ಬೇಟಿ’ ಅಂದರು ಚಾಚಾ. ‘ಎದಕ್ಕೆ ಇದು?’

‘ಒಬ್ಬರ ಬಾಯಿ ಮುಚ್ಸಾಕೆ, ಚಾಚಾ.’

‘ಹಂಗಾದ್ರೆ ಜೋರಾಗಿ ಊದ್ತೀನಿ ತಗ’ ಅಂದು ತಿದಿಯನ್ನು ಬಿಗಿಯಾಗಿ ಒತ್ತಿದರು.

ದೊಡ್ಡಪ್ಪನ ಜೊತೆಗಾರರಿಬ್ಬರ ಹೆಂಡತಿಯರನ್ನು ದೊಡ್ಡವ್ವ ಒಪ್ಪಿಸಿದಳು. ಇಬ್ಬರಲ್ಲಿ ಒಬ್ಬಳ ತಮ್ಮನೂ ಅದೇ ಪಾಳಿಯಲ್ಲಿದ್ದ, ಹಾಗಾಗಿ ಮೂರು ಬುತ್ತಿ. ಮುದ್ದೆ ಸೊಪ್ಪಿನ ಸಾರಿನ ಮೇಲೆ ಇದ್ದಲು ಇಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ, ಅದಕ್ಕೆ ಬಾಡೇ ಆಗಬೇಕು. ದೊಡ್ಡವ್ವ ತನ್ನ ಹುಂಜವನ್ನು ಕೊಟ್ಟಳು. ಗೇಟಿನಲ್ಲಿ ಕಾವಲುಗಾರ ಗಂಟುಗಳನ್ನು ಮುಟ್ಟಿ ನೋಡಿ, ‘ಏನ್ರವ್ವ, ಇವತ್ತು ಎಲ್ರ ಮನ್ಯಾಗೂ ಕೋಳಿ?’ ಅಂದದ್ದಕ್ಕೆ ಒಬ್ಬಳು, ‘ಯಾಕೆ, ನಿಮ್ ಮನ್ಯಾಗೆ ಇಲ್ವಾ? ನಿಮ್ಮ ಹೆಂಡ್ರಿಗೆ ಹೇಳಾಣ ಬಿಡು’ ಅಂದಳಂತೆ. ಮೂರು ಬುತ್ತಿಯೂ ಒಳಗೆ ಹೋದವು.

ಮಧ್ಯಾಹ್ನ ಮೂರಕ್ಕೆ ಪಾಳಿ ಬಿಟ್ಟಿತು. ರಸ್ತೆಯಾಚೆಯ ಹುಣಸೆಮರದ ಕೆಳಗೆ ನಾನು ದೊಡ್ಡವ್ವನ ಜೊತೆ ಸೀಸೆಗಳ ಬಿರಡೆ ತೆಗೆದು ಕಾಯುತ್ತಿದ್ದೆ. ಮೂವರೂ ಬರಿಗೈಯಲ್ಲಿ ಬಂದರು.

‘ಇದ್ಲು ಎಲ್ಲಣ್ಣ?’

ಮೂವರಲ್ಲಿ ಹಿರಿಯವನು ನೆತ್ತಿ ಕೆರೆದುಕೊಂಡು, ‘ಉಣ್ಣಾಕೆ ಗಂಟು ಬಿಚ್ಚಿದ್ವಾ, ಎಸೆದ್ಬಿಟ್ವಿ ಕಣವ್ವ. ನೀನು ಹೇಳಿದ್ದು ತಲ್ಯಾಗೆ ಇತ್ತು. ಕೈಗೆ ಗೊತ್ತಿರ್ಲಿಲ್ಲ’ ಅಂದ. ಮೂರು ತುಂಡನ್ನೂ ಕಾಂಪೌಂಡಿನಾಚೆ, ಎಷ್ಟು ದೂರ ಆಗುತ್ತೋ ಅಷ್ಟು ದೂರ ಎಸೆದಿದ್ದರು. ಎಸೆಯುವಾಗ ಹಿಂದೆ ತಿರುಗಿ ನೋಡಬಾರದು, ನೋಡಿಯೂ ಇರಲಿಲ್ಲ. ಎಲ್ಲಿ ಬಿತ್ತು ಅಂತ ಯಾರಿಗೂ ತಿಳಿಯದು. ‘ಸಾರು ಮಾತ್ರ ಭಾರಿ ಚೆನ್ನಾಗಿತ್ತು’ ಅಂದ ಇನ್ನೊಬ್ಬ. ದೊಡ್ಡವ್ವ ಅವನನ್ನು ನೋಡಿದ ನೋಟಕ್ಕೆ ಆ ಸಾರು ಅಲ್ಲೇ ಅರಗಿರಬೇಕು.

ಆದರೆ ತೊಂದರೆ ಬರೀ ಮರೆವಿನದಲ್ಲ ಅಂತ ಆಮೇಲೆ ತಿಳಿಯಿತು. ಇದ್ದಲನ್ನು ವಾಪಸು ತರುವುದಕ್ಕೆ ಅವರಿಗೆ ಹೆದರಿಕೆ ಇತ್ತು. ಅದು ಏನನ್ನು ಹಿಡಿದುಕೊಂಡಿದೆಯೋ, ಅದನ್ನು ಹೆಂಡತಿ ಮಕ್ಕಳ ಹತ್ತಿರಕ್ಕೆ ಹೇಗೆ ಒಯ್ಯುವುದು? ಹೆಂಗಸರೂ ಒಳಗೊಳಗೇ ಅದನ್ನೇ ಅಂದುಕೊಂಡಿದ್ದರು. ನಾನು ಆವಿ, ಗೂಡು ಅಂತೆಲ್ಲ ಹೇಳತೊಡಗಿದೆ. ದೊಡ್ಡವ್ವ ನನ್ನ ಬಾಯಿ ಮುಚ್ಚಿಸಿದಳು.

‘ನೀವು ಮನೆಗೆ ತರಾದ್ ಬ್ಯಾಡ’ ಅಂದಳು ಅವರಿಗೆ. ‘ನಾನು ಇದೇ ಮರದ ಕೆಳಗೆ ಕುಂತಿರ್ತೀನಿ. ನನ್ ಕೈಗೆ ಹಾಕ್ರಿ. ಅದು ಏನ್ ಹಿಡ್ದಿದ್ರೂ ನಂಗೇ ಬರ್ಲಿ. ನನ್ ಮನ್ಯಾಗೆ ಅದು ಆಗ್ಲೇ ಬಂದು ಕುಂತೈತೆ.’

ಅಷ್ಟು ಸಾಕಾಯಿತು. ಎರಡನೆಯ ಹುಂಜ ಮುಂದಿನ ವಾರ ಹೋಯಿತು. ಈ ಸಲ ಹೆಂಗಸರು ಇದ್ದಲನ್ನು ಗಂಟಿನ ಮೇಲೆ ಇಡಲಿಲ್ಲ, ಕೈಗೆ ಸುಲಭವಾಗಿ ಸಿಗದಂತೆ, ಆದರೆ ಗಾಳಿ ತಾಗುವಂತೆ, ಬಟ್ಟೆಯ ತುದಿಯಲ್ಲಿ ಒಂದೇ ಪದರದೊಳಗೆ ಕಟ್ಟಿದರು. ಊಟವಾದ ಮೇಲೆ ಬಟ್ಟೆ ಕಬ್ಬಿಣದ ಬಾಗಿಲಿನ ಪಕ್ಕದ ಮೊಳೆಯಲ್ಲಿ ಪಾಳಿ ಮುಗಿಯುವವರೆಗೆ ತೂಗಾಡಿತು. ಮೂರಕ್ಕೆ ಒಬ್ಬೊಬ್ಬನೇ ಬಂದು ದೊಡ್ಡವ್ವನ ಸೆರಗಿಗೆ ಒಂದೊಂದು ತುಂಡು ಹಾಕಿ, ಹಿಂದೆ ನೋಡದೆ ನಡೆದ. ನಾನು ಒಂದೊಂದನ್ನೂ ಸೀಸೆಗೆ ಹಾಕಿ ಬಿರಡೆ ತಿರುಗಿಸಿದೆ.

ಮೂರು ಸೀಸೆ ತುಂಬಿದವು. ದೊಡ್ಡವ್ವ ಅಲ್ಲಿಂದ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಸಾಹುಕಾರರ ಮನೆಯ ಅಡುಗೆಯವಳು ಕ್ಯಾರಿಯರ್ ಹಿಡಿದು ಗೇಟಿನಿಂದ ಬಂದಳು. ದೊಡ್ಡವ್ವನ ತವರಾದ ಶ್ರೀರಾಂಪುರದ ಕಡೆಯವಳು ಅವಳು. ದಾರಿಯಲ್ಲಿ ಕುಶಲ ಕೇಳುವವಳಂತೆ ಬಗ್ಗಿ, ನಾಲ್ಕನೆಯ ತುಂಡನ್ನು ಹಾಕಿ ಹೋದಳು.

‘ಇದು ಎಲ್ಲಿದು, ದೊಡ್ಡವ್ವ?’

‘ಅವನ್ ಆಫೀಸಿಂದು. ನಮ್ ಇದ್ಲೇ, ಅವನ್ ಬುತ್ತಿ ಮ್ಯಾಲೆ ಇಡಾಕೆ ಇವ್ಳಿಗೆ ಕೊಟ್ಟಿದ್ದೆ. ಮೇಜಿನ್ ಮ್ಯಾಲೆ ಕುಂತಿತ್ತು ಇಲ್ಲೀವರೆಗೆ. ಬರ್ಕ.’

ಸಾಹುಕಾರರ ಆಫೀಸು ಮಹಡಿಯ ಮೇಲೆ. ದ್ರಾವಣದ ತೊಟ್ಟಿಯ ಉಸಿರುಗೊಳವೆ ಅದರ ಪಕ್ಕದಲ್ಲೇ ಹಾದುಹೋಗಿತ್ತು. ಹಿಂಡಿಯ ಧೂಳು ಬಾರದಿರಲಿ ಅಂತ ಕಿಟಕಿಗಳನ್ನು ಮೊಳೆ ಹೊಡೆಸಿ ಮುಚ್ಚಿದ್ದರು. ಎಳನೀರು ಕುಡಿಯದೆ ಎದ್ದು ಬಂದ ದಿನ ನಾನೇ ನೋಡಿದ್ದೆ.

ಯಂತ್ರದ ಮುಂದೆ ಐದೂ ಸೀಸೆಗಳನ್ನು ಸಾಲಾಗಿ ಇಟ್ಟೆ. ಮೊದಲು ಮೇಡಂ ಅಪ್ಪಟ ಹೆಕ್ಸೇನ್ ಚುಚ್ಚಿ ಅದರ ಗುಡ್ಡ ಎಲ್ಲಿ ಏಳುತ್ತದೆಂದು ಗುರುತು ಹಾಕಿದರು. ಆಮೇಲೆ ಐದನೆಯ ಸೀಸೆ, ದೊಡ್ಡವ್ವನ ಅಡುಗೆಮನೆಯಲ್ಲಿ ಅದೇ ಸಾರಿನ ಗಡಿಗೆಯ ಮೇಲೆ ಕುಳಿತು ಬಂದ ಇದ್ದಲು. ಪೆನ್ನು ಸಣ್ಣಸಣ್ಣ ದಿಬ್ಬಗಳನ್ನು ಬರೆಯಿತು. ‘ಇದೇನಿದು, ಬೆಳ್ಳುಳ್ಳಿಯೋ ಲವಂಗವೋ? ನಿಮ್ಮ ದೊಡ್ಡವ್ವನ ಮಸಾಲೆಯ ಗುಟ್ಟೆಲ್ಲ ನನಗೆ ಗೊತ್ತಾಯ್ತು’ ಅಂದರು ಮೇಡಂ. ಹೆಕ್ಸೇನಿನ ಜಾಗದಲ್ಲಿ ಗೆರೆ ನೆಲ ಬಿಟ್ಟು ಏಳಲಿಲ್ಲ. ಆಮೇಲೆ ಮೊದಲನೆಯ ಸೀಸೆ. ಪೆನ್ನು ಸ್ವಲ್ಪ ಹೊತ್ತು ಸುಮ್ಮನಿತ್ತು. ಗುರುತು ಹಾಕಿದ ಜಾಗಕ್ಕೆ ಬಂದದ್ದೇ ಎದ್ದಿತು, ಏಳುತ್ತಲೇ ಹೋಯಿತು, ಕೋಟೆಯ ಬತೇರಿಯಂತೆ ನಿಂತು ಇಳಿಯಿತು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ನನಗೆ ಯಾವ ಹಬ್ಬದಲ್ಲೂ ಅಷ್ಟು ಸಂತೋಷ ಆಗಿರಲಿಲ್ಲ.

ನಾಲ್ಕನೆಯದು ಅಷ್ಟು ಎತ್ತರ ಇಲ್ಲ. ಅರ್ಧ ಇರಬಹುದು. ಆದರೆ ಅದೇ ಜಾಗ, ಅದೇ ಗುಡ್ಡ.

‘ಇದು ಎಲ್ಲಿಯದು?’ ಅಂದರು ಮೇಡಂ.

‘ಅದೂ ಒಳಗಿನದೇ ಮೇಡಂ. ಸರಿಯಾಗಿ ಬರಕೊಂಡಿಲ್ಲ, ಬಿಟ್ಟುಬಿಡಿ’ ಅಂದೆ.

ಎಲ್ಲಿಯದೆಂದು ತಿಳಿಯದ ಮಾದರಿಯನ್ನು ಅವರು ವರದಿಗೆ ಸೇರಿಸುವವರಲ್ಲ. ಬದಿಗಿಟ್ಟರು. ಆ ಕಾಗದವನ್ನು ನಾನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅವಸರದಲ್ಲಿ ಆಡಿದ ಸುಳ್ಳಲ್ಲ ಅದು. ಹುಣಸೆಮರದ ಕೆಳಗೇ ಯೋಚಿಸಿಕೊಂಡದ್ದು. ಗಿರಣಿಯ ಕೆಳಗಿನ ಗಾಳಿ ಸರಿಯಾಗಲಿ, ನನ್ನ ಜನ ಉಳಿಯಲಿ. ಮೇಲೆ, ಮೊಳೆ ಹೊಡೆದ ಕಿಟಕಿಯ ಹಿಂದೆ, ದೊಡ್ಡಪ್ಪನ ಉಸಿರನ್ನು ಮೂಸಿಸಿದ ಮನುಷ್ಯ ಕುಳಿತುಕೊಳ್ಳಲಿ. ಉಸಿರಾಡಲಿ.

ಇನ್ಸ್‌ಪೆಕ್ಟರು ಪಂಪು, ಕೊಳವೆ ಹಿಡಿದು ಬಂದರು. ಮೂಗಿನ ಮಟ್ಟ, ಇಪ್ಪತ್ತು ಸಲ, ಅವಸರವಿಲ್ಲದೆ. ಮೇಡಂ ಅಳೆದರು. ದ್ರಾವಣದ ವಿಭಾಗವನ್ನು ಮುಚ್ಚಿಸಿ, ಸೋರುವ ಕೀಲುಗಳನ್ನೆಲ್ಲ ಬಿಗಿಸಿ, ಗಾಳಿ ಎಳೆಯುವ ದೊಡ್ಡ ಫ್ಯಾನು ಹಾಕಿಸಿದ ಮೇಲೆಯೇ ತೆರೆಯಬೇಕು ಅಂತ ಆಜ್ಞೆ ಬಂತು. ಆಜ್ಞೆಯಲ್ಲಿ ಮಹಡಿಯ ಆಫೀಸಿನ ಮಾತಿರಲಿಲ್ಲ. ದುರಸ್ತಿಗೆ ನಾಲ್ಕು ತಿಂಗಳು ಹಿಡಿಯಿತು. ಸಾಹುಕಾರರು ಆ ನಾಲ್ಕು ತಿಂಗಳೂ ಅದೇ ಕೋಣೆಯಲ್ಲಿ, ತುಂಬಿದ ತೊಟ್ಟಿಯ ಪಕ್ಕದಲ್ಲಿ ಕುಳಿತು ರಿಪೇರಿ ನೋಡಿಕೊಂಡರು. ಬೆಂಗಳೂರಿನಲ್ಲಿ ನಾನು ದಿನ ಎಣಿಸಿದೆ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಗಿರಣಿ ತೆರೆಯುವ ದಿನ ಆಳುಗಳು ಒಳಗೆ ಹೋಗಲಿಲ್ಲ. ಕುಡುಕ ಅಂದ ಮಾತನ್ನು ವಾಪಸು ತಗಂಡ ಮೇಲೆ ಬರ್ತೀವಿ ಅಂತ ಗೇಟಿನಲ್ಲಿ ಕುಳಿತರು. ದೊಡ್ಡಪ್ಪನಿಗೆ ಗಿರಣಿಯವರೆಗೆ ನಡೆಯಲು ಆಗುತ್ತಿರಲಿಲ್ಲ. ಹಾಗಾಗಿ ಸಾಹುಕಾರರೇ ಮದಕರಿಪುರಕ್ಕೆ ಬರಬೇಕಾಯಿತು. ಹಿಂದೆ ಆಳುಗಳೆಲ್ಲ ಬಂದರು, ಕಾವಲುಗಾರನೂ ಬಂದ. ನಾನು ಈ ದಿನಕ್ಕೆಂದೇ ರಜೆ ಹಾಕಿ ಬಂದು ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದೆ.

ದೊಡ್ಡಪ್ಪ ಕಂಬಳಿಯ ಮೇಲೆ ಕುಳಿತಿದ್ದ. ‘ಬರ್ರಿ, ಕುಂತ್ಕಳ್ರಿ’ ಅಂದ. ಸಾಹುಕಾರರು ಕುಳಿತರು. ಬಿಸಿಲಲ್ಲಿ ಬಂದವರಿಗೆ ದೊಡ್ಡವ್ವ ಮಜ್ಜಿಗೆ ತಂದುಕೊಟ್ಟಳು. ಅವರು ಲೋಟವನ್ನು ಬಲಗೈಯಲ್ಲಿ ತೆಗೆದುಕೊಂಡರು. ಬೆರಳುಗಳು ನಿಲ್ಲಲಿಲ್ಲ. ಎಡಗೈಯನ್ನೂ ತಂದು ಹಿಡಿದರು. ಆದರೂ ಮಜ್ಜಿಗೆ ತುಳುಕಿ ಪಂಚೆಯ ಮೇಲೆ ಬಿತ್ತು. ಅಂಗಳದಲ್ಲಿ ಇದ್ದವರೆಲ್ಲ ನೋಡಿದರು. ಆ ಹಿಡಿತ ಯಾರದು ಅಂತ ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು, ‘ಯಾವಾಗ್ಲಿಂದ ಕುಡಿಯಾದು ಕಲ್ತ್ರಿ, ಸಾವ್ಕಾರ್ರೆ?’

‘ನಾನು ಕುಡಿಯಲ್ಲಮ್ಮ’ ಅಂದರು ಅವರು, ಮೆಲ್ಲಗೆ.

‘ಇವ್ರೂ ಅಷ್ಟೇ ಅಂದಿದ್ರು. ಗೇಟ್ನಾಗೆ.’

ಸಾಹುಕಾರರು ಲೋಟವನ್ನು ಕೆಳಗಿಟ್ಟು, ಆಳುಗಳ ಕಡೆಗೆ ತಿರುಗಿ, ‘ಇವರು ಕುಡುಕರಲ್ಲ. ನಾನಂದದ್ದು ಸುಳ್ಳು’ ಅಂದರು. ನಾನು ಬಸ್ಸಿನಲ್ಲಿ ಕುಳಿತು ಅವರ ಬಾಯಲ್ಲಿ ಇಟ್ಟ ಮಾತುಗಳು ಅವೇ. ಕೇಳಲು ಅಂದುಕೊಂಡದ್ದಕ್ಕಿಂತ ರುಚಿಯಾಗಿದ್ದವು.

ಅಷ್ಟಕ್ಕೆ ಮುಗಿಯಲಿ ಅಂತ ನಾನು ಸುಮ್ಮನಿದ್ದೆ. ದೊಡ್ಡವ್ವ ನನ್ನ ಕಡೆ ತಿರುಗಿದಳು. ‘ಲೇ, ನಾಕನೇ ಸೀಸೇದು ಏನ್ ಬಂತು ಅಂತ ನಂಗೆ ಹೇಳ್ಲೇ ಇಲ್ವಲ್ಲ ನೀನು.’ ಸಾರಿನಲ್ಲಿ ಉಪ್ಪಿಲ್ಲವಲ್ಲ ಅನ್ನುವ ಹಾಗೆ ಕೇಳಿದಳು. ಚೀಲದಲ್ಲೇ ಇತ್ತು. ತೆಗೆದು ಸಾಹುಕಾರರ ಕೈಗೆ ಕೊಟ್ಟೆ. ಇದು ನಿಮ್ಮ ಮೇಜಿನ ಮೇಲಿನ ಗಾಳಿ, ಇದು ನನ್ನ ಹತ್ತಿರ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಇತ್ತು ಅಂತಲೂ ಹೇಳಿದೆ. ಅದು ಅವರಿಗೆ ತಿಳಿಯಲಿ ಅಂತಲೇ ಹೇಳಿದೆ. ಕಾಗದ ಅವರ ಕೈಯಲ್ಲಿ ಪಟಪಟ ಅಲುಗಿತು.

‘ಮೊದ್ಲು ಕಿಟಕಿ ಮೊಳೆ ಕೀಳ್ಸ್ರಿ’ ಅಂದ ದೊಡ್ಡಪ್ಪ. ‘ಬಿಟ್ರೆ ನಿಧಾನಕ್ಕೆ ಕಮ್ಮಿ ಆಗ್ತೈತಂತೆ. ನಂಗೂ ಈಗ ಹೆಬ್ಬೆರಳು ಒಂದೀಟು ಗೊತ್ತಾಗ್ತೈತೆ.’

ಸಾಹುಕಾರರು ಎದ್ದರು. ಜಗುಲಿ ಇಳಿದು ಚಪ್ಪಲಿ ಮೆಟ್ಟಿ ಅಂಗಳ ದಾಟಿದರು. ಬೇಲಿಯ ಹತ್ತಿರ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವರು ಬರಿಗಾಲಲ್ಲಿ ಕಾದ ಮಣ್ಣಿನ ಮೇಲೆ ನಡೆಯುತ್ತಲೇ ಇದ್ದರು, ಅವರಿಗೆ ತಿಳಿಯಲಿಲ್ಲ. ಆಳುಗಳು ನೋಡಿದರು. ನಾನೂ ನೋಡಿದೆ. ಎಷ್ಟು ದೂರ ಹೋಗುತ್ತಾರೋ ನೋಡೋಣ ಅಂತ ಹೆಜ್ಜೆ ಎಣಿಸತೊಡಗಿದೆ. ಆರಾಯಿತು, ಏಳಾಯಿತು.

‘ಸಾವ್ಕಾರ್ರೆ, ಚಪ್ಲಿ’ ಅಂತ ಕೂಗಿದವನು ದೊಡ್ಡಪ್ಪ. ನಾನಾಗಿದ್ದರೆ ಕೂಗುತ್ತಿರಲಿಲ್ಲ.